ಫರಸಿ ಓಣಿಯ ತಣ್ಣನೆಯ ನಾಯಿಗಳು

ನಾಯಿಯ ಮೈ ಬೆವರುವುದಿಲ್ಲ. ಪಶುವೈದ್ಯ ಪಂಚಾಕ್ಷರಿಗೆ ಬಂದ ಹೆಸರು, ಅಂಟಿದ ಪಾಪ ಎರಡೂ ಈ ಒಂದು ಸಂಗತಿಯಿಂದಲೇ ಶುರುವಾದವು.

ಹಳೇಗಣಿ ಕಲಬುರಗಿ ಸೀಮೆಯ ಕಲ್ಲಿನ ಊರು. ನೆಲ ಅಗೆದರೆ ಫರಸಿ ಕಲ್ಲು, ಗೋಡೆ ಫರಸಿ, ಮಾಳಿಗೆಯೂ ಫರಸಿ. ಹಿಂದೆಲ್ಲ ಈ ಮನೆಗಳು ಬೇಸಿಗೆಯಲ್ಲಿ ತಂಪಾಗಿರುತ್ತಿದ್ದವು. ಬಿಸಿಲು ನಲವತ್ತೆಂಟಕ್ಕೆ ಏರಿ ಅಲ್ಲೇ ಬಿಡಾರ ಹೂಡತೊಡಗಿದ ಮೇಲೆ ಅದೇ ಕಲ್ಲು ಹಗಲೆಲ್ಲ ಹೀರಿದ ಕಾವನ್ನು ಮರುದಿನ ಬೆಳಗಿನವರೆಗೂ ಒಳಗೇ ಕಕ್ಕುತ್ತಿತ್ತು. ಒಂದು ಬೇಸಿಗೆಯಲ್ಲಿ ಇನ್ನೂರು ಚಿಲ್ಲರೆ ಜನ ಕುಳಿತಲ್ಲೇ ಹೋದರು. ಯಾರೂ ಕೂಗಿಕೊಂಡಿರಲಿಲ್ಲ. ಸೆಕೆಗೆ ಸಾಯುವವರಿಗೆ ತಾವು ಸಾಯುತ್ತಿದ್ದೇವೆಂದು ಗೊತ್ತಾಗುವಷ್ಟರಲ್ಲಿ ತಲೆ ಮಂಕಾಗಿರುತ್ತದೆ.

ನಗರಸಭೆಯವರು ಕಂಬಗಳಿಗೆ ಉಷ್ಣಮಾಪಕ ಕಟ್ಟಿಸಿ ಕೈತೊಳೆದುಕೊಂಡರು. ಕಂಬದ ಮೇಲಿನ ಗಾಳಿಗೂ ಎರಡು ಕಲ್ಲುಗೋಡೆಗಳ ನಡುವಿನ ಓಣಿಯ ಗಾಳಿಗೂ ಸಂಬಂಧವೇ ಇರಲಿಲ್ಲ. ಆಗ ಪಂಚಾಕ್ಷರಿ ಸಭೆಯಲ್ಲಿ ಎದ್ದುನಿಂತು ಹೇಳಿದ: ಪ್ರತಿ ಓಣಿಯಲ್ಲೂ ನಾಯಿಗಳಿವೆ. ಅವು ಓಣಿ ಬಿಟ್ಟು ಹೋಗುವುದಿಲ್ಲ. ಮನುಷ್ಯ ಬೆವರಿ ತಣ್ಣಗಾಗುತ್ತಾನೆ, ನಾಯಿ ಬರೀ ತೇಕಿ ತಣ್ಣಗಾಗಬೇಕು. ಆದ್ದರಿಂದ ಅದೇ ಸೆಕೆ ನಾಯಿಯನ್ನು ಮುದುಕರಿಗಿಂತ ಅರ್ಧ ಗಂಟೆ ಮೊದಲು ಕೆಡವುತ್ತದೆ. ಆ ಅರ್ಧ ಗಂಟೆ ಸಿಕ್ಕರೆ ಸಾಕು.

ಹಾಗೆ ಊರಿನ ಬೀದಿನಾಯಿಗಳ ಕುತ್ತಿಗೆಯ ಚರ್ಮದಡಿ ಜೋಳದ ಕಾಳಿನಷ್ಟು ದೊಡ್ಡ ಯಂತ್ರ ಸೇರಿತು. ಅದು ನಾಯಿಯ ಒಳಮೈಯ ಕಾವನ್ನು ನಿಮಿಷಕ್ಕೊಮ್ಮೆ ಕಚೇರಿಗೆ ಕಳಿಸುತ್ತಿತ್ತು. ಒಂದು ಓಣಿಯಲ್ಲಿ ಮೂರು ನಾಯಿಗಳು ನಲವತ್ತೂವರೆ ಡಿಗ್ರಿ ದಾಟಿದರೆ ಆ ಓಣಿಯ ಸೈರನ್ನು, ಊರವರ ಬಾಯಲ್ಲಿ ಭೋಂಗಾ, ತಾನಾಗಿ ಕೂಗುತ್ತಿತ್ತು. ಜನ ಹಳೆಯ ಗಣಿಯ ಆಳದಲ್ಲಿ ಕೊರೆದ ತಂಪುಮನೆಗೆ ನಡೆಯುತ್ತಿದ್ದರು, ನಗರಸಭೆಯ ಆಳು ಬಂದು ನಾಯಿಗಳಿಗೆ ನೀರು ಸುರಿಯುತ್ತಿದ್ದ. ಕೆಲವು ನಾಯಿಗಳ ಪಾಲಿಗೆ ಆ ನೀರು ತಡವಾಗಿ ಬರುತ್ತಿತ್ತು. ಹೋದ ಬೇಸಿಗೆಯಲ್ಲಿ ನೂರಾ ಹದಿನಾರು ನಾಯಿಗಳು ಸತ್ತವು, ಜನ ನಾಲ್ವರು. ಈ ಲೆಕ್ಕ ಕೇಳಿ ನಗರಸಭೆಯ ಸಾಹೇಬರು ಪಂಚಾಕ್ಷರಿಗೆ ಶಾಲು ಹೊದಿಸಿದರು.

ಒಂದು ತೊಡಕಿತ್ತು. ಯಾರಾದರೂ ಕನಿಕರಪಟ್ಟು ನಾಯಿಯನ್ನು ತಣ್ಣಗೆ ಮಾಡಿದರೆ ಯಂತ್ರ ಓಣಿಯೇ ತಣ್ಣಗಿದೆ ಎಂದುಕೊಳ್ಳುತ್ತದೆ. ಇದನ್ನು ಜನರಿಗೆ ಹೇಗೆ ಹೇಳುವುದು? "ನಿಮ್ಮ ಸಲುವಾಗಿ ನಾಯಿಗೋಳು ಸುಡಬೇಕು ಅಂತ ಗ್ವಾಡಿ ಮ್ಯಾಲ ಬರಿಸ್ಲಿಕ್ಕಾಗ್ತದೇನ್ರೀ ಡಾಕ್ಟರೇ? ಮರುದಿನ ಪೇಪರ್‌ನಾಗ ನಮ್ಮ ಮಾರಿ ಬರ್ತದ," ಎಂದರು ಸಾಹೇಬರು. ಪಂಚಾಕ್ಷರಿಯೇ ಕೂತು ಯೋಚಿಸಿ, ಎಲ್ಲರಿಗೂ ಹಿತವಾಗುವ ಒಂದು ಸಾಲು ಬರೆದುಕೊಟ್ಟ. ಅದು ಓಣಿ ಓಣಿಯ ಗೋಡೆಗಳ ಮೇಲೆ ನೀಲಿ ಬಣ್ಣದಲ್ಲಿ ಬಂತು: ಕಾವಲು ನಾಯಿಗಳ ಯಂತ್ರ ಬಿಸಿಲು ಅಳೆಯುತ್ತದೆ. ನೀರು ತಾಗಿದರೆ ಯಂತ್ರ ಕೆಡುತ್ತದೆ. ನಾಯಿಗಳಿಗೆ ನೀರು ಹಾಕಬೇಡಿ.

ಅಪ್ಪಟ ಸುಳ್ಳು. ಬರೆದವನಿಗೆ ಆ ದಿನ ಅದು ಜಾಣತನವೆಂದೇ ತೋರಿತ್ತು.

*

ಫರಸಿ ಓಣಿಯಲ್ಲಿ ಅವನ ಅಕ್ಕ ಚಂದಮ್ಮ ಇದ್ದಳು. ತಾಯಿ ಸತ್ತಾಗ ಪಂಚಾಕ್ಷರಿಗೆ ನಾಲ್ಕು ವರ್ಷ, ಅವಳಿಗೆ ಇಪ್ಪತ್ತು. ಕಲ್ಲು ಸೀಳುತ್ತ ಅವನನ್ನು ಬೀದರಿನ ಕಾಲೇಜಿನವರೆಗೂ ಓದಿಸಿದವಳು ಅವಳೇ. ಮದುವೆಯಾಗು ಎಂದವರಿಗೆಲ್ಲ "ಮೊದಲ ಈ ಪೋರ ಡಾಕ್ಟರ್ ಆಗ್ಲಿ" ಎನ್ನುತ್ತ ಬಂದಳು. ಪೋರ ಡಾಕ್ಟರಾಗುವಷ್ಟರಲ್ಲಿ ಅವಳನ್ನು ಕೇಳುವುದನ್ನೇ ಜನ ಬಿಟ್ಟಿದ್ದರು. ಈಗ ಅರವತ್ತೆಂಟು. ಎದೆಯಲ್ಲಿ ಐವತ್ತು ವರ್ಷದ ಕಲ್ಲಿನ ಧೂಳು, ನಾಲ್ಕು ಹೆಜ್ಜೆಗೆ ಏದುಸಿರು. ಆದರೂ ಓಣಿಯ ಕಲ್ಲು ಕೊಯ್ಯುವ ಮಶೀನಿನ ಮುಂದೆ ಕೂತು ಹೆಂಗಸರಿಗೆ ಕೆಲಸ ಹೇಳುವುದನ್ನು ಬಿಟ್ಟಿರಲಿಲ್ಲ. ನನ್ನ ಮನೆಗೆ ಬಾ ಎಂದರೆ, "ನಿನ್ನ ಮನ್ಯಾಗ ನಾ ಯಾರಿಗಿ ಬೈಲಿ?" ಎಂದು ನಗುತ್ತಿದ್ದಳು. ಪಂಚಾಕ್ಷರಿ ಒಂಟಿ ಮನುಷ್ಯ. ಭೂಮಿಯ ಮೇಲೆ ಅವನಿಗೆ ತನ್ನವರೆಂದು ಇದ್ದವಳು ಅವಳೊಬ್ಬಳೇ. ಯಾರಿಗೂ ಹೇಳಿರಲಿಲ್ಲವಾದರೂ, ಭೋಂಗಾ, ಯಂತ್ರ, ತಂಪುಮನೆ ಇವನ್ನೆಲ್ಲ ಅವನು ಕಟ್ಟಿದ್ದು ಆ ಒಂದು ಎದೆಗಾಗಿ.

ಏಪ್ರಿಲಿನ ಒಂದು ಮುಂಜಾನೆ ಅವನು ಅಲ್ಲಿಗೆ ಹೋದಾಗ ಚಂದಮ್ಮ ಹೊಸ್ತಿಲಲ್ಲಿ ಕೂತು ನಾಯಿಗೆ ರೊಟ್ಟಿ ಮುರಿದು ಹಾಕುತ್ತಿದ್ದಳು. ಕಂದು ಬಣ್ಣದ ಹೆಣ್ಣುನಾಯಿ, ಲಚ್ಚಿ. ಎಡಗಿವಿ ಅರ್ಧ ಹರಿದಿತ್ತು.

"ಪಂಚು, ಇವಕ್ಕ ಜರಾ ನೀರು ಹಾಕಿದ್ರ ಏನಾಗ್ತದೋ? ಮಧ್ಯಾಹ್ನ ನೋಡ್ಲಿಕ್ಕಾಗಲ್ಲ. ನಾಲಿಗಿ ನೆಲಕ್ಕ ತಾಗ್ತದ."

"ಯಂತ್ರ ಕೆಡ್ತದಕ್ಕಾ. ಗ್ವಾಡಿ ಮ್ಯಾಲ ಬರ್ದದಲ್ಲ."

"ಗ್ವಾಡಿ ಮ್ಯಾಲಿಂದು ಬಿಡು. ಆವಾಗ ನೀನೇ ಹೇಳ್ಕೊಟ್ಟಿದ್ದಿ ನಮಗ. ಹೊಟ್ಟಿ, ತೊಡಿ ಸಂದಿ, ಪಾದ ತಣ್ಣಗ ಮಾಡಿದ್ರ ನಾಯಿ ಉಳೀತದ ಅಂತ. ಬರ್ಫದ ನೀರು ಬ್ಯಾಡ, ಮೈಮ್ಯಾಲ ಹಸಿ ಅರಿವಿ ಹೊಚ್ಚಬ್ಯಾಡ, ಕಾವು ಒಳಗೇ ಕುಂದರ್ತದ ಅಂತ. ನನಗ ಬಾಯಿಪಾಠ ಅದ."

ನಿಜ. ಯಂತ್ರಗಳು ಬರುವ ಮೊದಲು, ಹನ್ನೆರಡು ವರ್ಷದ ಹಿಂದೆ, ಇದೇ ಬಾಗಿಲಲ್ಲಿ ಒಂದು ನಾಯಿ ಬಿಸಿಲಿಗೆ ಬಿದ್ದಿತ್ತು. ಮಶೀನಿಗೆ ಬಿಟ್ಟ ನೀರು ಕಲ್ಲಿನ ಹುಡಿಯೊಂದಿಗೆ ಹರಿದು ನಿಲ್ಲುವ ಗುಂಡಿ ಮನೆಯ ಪಕ್ಕದಲ್ಲೇ ಇತ್ತು. ಆ ಬೂದು ರಾಡಿ ಸುಡುಬಿಸಿಲಿನಲ್ಲೂ ತಣ್ಣಗಿರುತ್ತದೆ. ಪಂಚಾಕ್ಷರಿ ನಾಯಿಯನ್ನೆತ್ತಿ ಹೊಟ್ಟೆ ಮುಳುಗುವಷ್ಟು ರಾಡಿಯಲ್ಲಿ ಕೂರಿಸಿ ಬದುಕಿಸಿದ್ದ. ಅಂಗೈ ತಿರುವಿ ಕೈಬೆನ್ನನ್ನು ನೆಲಕ್ಕಿಟ್ಟು ಏಳು ಎಣಿಸುವುದು, ಕೈ ತಾಳದಿದ್ದರೆ ನಾಯಿಯನ್ನು ನಡೆಸಬಾರದೆಂಬುದು, ಇದನ್ನೆಲ್ಲ ಓಣಿ ಅವನಿಂದಲೇ ಕಲಿತಿತ್ತು.

"ಅದು ಆವಾಗಿನ ಮಾತು," ಎಂದ.

"ನಾಯಿ ಆವಾಗಿನವೇ ಅಲ್ಲೇನೋ?" ಎಂದಳು ಚಂದಮ್ಮ. ಅವನು ನಿಜ ಹೇಳಬಹುದಿತ್ತು. ಬಾಯಿಗೂ ಬಂದಿತ್ತು. ಆದರೆ ಈ ನಾಯಿ ನಿನಗಾಗಿ ಸುಡಬೇಕು ಎಂದು, ರೊಟ್ಟಿ ಮುರಿಯುತ್ತಿದ್ದ ಆ ಕೈ ನೋಡುತ್ತ ಹೇಳುವ ಧೈರ್ಯ ಅವನಿಗಿರಲಿಲ್ಲ. ಚಹಾ ಕುಡಿದು ಎದ್ದುಬಂದ.

*

ಕಚೇರಿಯನ್ನು ಊರಿನವರು ನಾಯಿ ಆಫೀಸು ಎನ್ನುತ್ತಿದ್ದರು. ಪರದೆಯ ಮೇಲೆ ಓಣಿಗೊಂದು ಚೌಕ, ಚೌಕದಲ್ಲಿ ನಾಯಿಗೊಂದು ಗೆರೆ. ಅವನ್ನು ಕಾಯುವವಳು ನಸೀಮಾ, ಕಣ್ಣು ಚುರುಕು, ಬಾಯಿ ಇನ್ನೂ ಚುರುಕು.

ಒಂದು ವಾರದ ನಂತರ ಅವಳು ಕರೆದಳು. "ಸರ, ಫರಸಿ ಓಣಿ ಐದನೇ ನಾಯಿ ನೋಡ್ರಿ. ಹೊರಗ ನಲವತ್ತೇಳು ಅದ, ಇದು ಮೂವತ್ತೆಂಟೂವರಿ ತೋರಸ್ಲಾಕತ್ತದ. ಯಾವ ಫ್ರಿಜ್ಜಿನಾಗ ಕುಂತದೋ ಏನೋ."

ಐದನೆಯದು ಲಚ್ಚಿ. ನೋಡಿದ ಕೂಡಲೇ ಪಂಚಾಕ್ಷರಿಗೆ ತಿಳಿಯಿತು. ಅದು ರಾಡಿಯಲ್ಲಿ ಹೊಟ್ಟೆ ಮುಳುಗಿಸಿ ಕೂತ ನಾಯಿಯ ಗೆರೆ, ಅವನದೇ ಮದ್ದು. ನಿಯಮದ ಪ್ರಕಾರ ಅವನು ತಪಾಸಣೆಗೆ ಬರೆಯಬೇಕು. ಆಳುಗಳು ಬಂದು ಗುಂಡಿ ಮುಚ್ಚುತ್ತಾರೆ, ಅಕ್ಕನ ಹೆಸರು ಬರೆದುಕೊಳ್ಳುತ್ತಾರೆ. ಓಣಿಯಲ್ಲಿ ಇನ್ನೂ ಆರು ನಾಯಿಗಳಿವೆ, ಭೋಂಗಾಕ್ಕೆ ಮೂರು ಸಾಕು. ಮುದುಕಿಗೆ ಒಂದು ನಾಯಿಯಾದರೂ ನೆಮ್ಮದಿಯಾಗಿರಲಿ.

"ಯಂತ್ರ ಕೆಟ್ಟದ. ಬಿಟ್ಟುಬಿಡು," ಎಂದ.

ಮೇ ಮೊದಲ ವಾರ ಇನ್ನೂ ಎರಡು ಗೆರೆಗಳು ಇಳಿದವು. ನಸೀಮಾ ಅವನ ಮುಖವನ್ನೇ ನೋಡುತ್ತ, "ಇವೂ ಕೆಟ್ಟಾವೇನ್ರೀ ಸರ?" ಎಂದಳು. ಹೂಂ ಎಂದ. ನಾಲ್ಕು ಉಳಿದಿವೆ, ಈ ಐತವಾರ ಹೋಗಿ ಅಕ್ಕನಿಗೆ ಎಲ್ಲ ಬಿಡಿಸಿ ಹೇಳುತ್ತೇನೆಂದು ಮನಸ್ಸಿನಲ್ಲೇ ಗೊತ್ತುಮಾಡಿಕೊಂಡ. ಐತವಾರ ಸಾಹೇಬರ ಮೀಟಿಂಗು ಬಂತು. ಮುಂದಿನ ಐತವಾರ ಬರುವ ಮೊದಲೇ ಆ ಗುರುವಾರ ಬಂತು.

*

ಗುರುವಾರ ಹನ್ನೊಂದು ಗಂಟೆಗೆ ಊರಿಗೆ ಊರೇ ಕರೆಂಟು ಕಳೆದುಕೊಂಡಿತು. ಹೊರಗೆ ನಲವತ್ತೊಂಬತ್ತು. ಕಚೇರಿಗೂ ಭೋಂಗಾಗಳಿಗೂ ಬ್ಯಾಟರಿ ಇದ್ದುದರಿಂದ ಅವು ನಡೆದಿದ್ದವು. ಹನ್ನೆರಡರೊಳಗೆ ಕುಂಬಾರ ಓಣಿಯ ಭೋಂಗಾ ಕೂಗಿತು, ಆಮೇಲೆ ಗೌಳಿ ಗಲ್ಲಿಯದು, ಆಮೇಲೆ ಸ್ಟೇಷನ್ ಕಡೆಯ ಐದೂ ಒಟ್ಟೊಟ್ಟಿಗೆ. ಪರದೆಯ ಚೌಕಗಳು ಒಂದೊಂದಾಗಿ ಕೆಂಪಾದವು. ನಡುವೆ ಫರಸಿ ಓಣಿ ಮಾತ್ರ ಹಸಿರಾಗಿ ಉಳಿದಿತ್ತು.

ಪಂಚಾಕ್ಷರಿ ಹನ್ನೆರಡೂವರೆಗೆ ಅಕ್ಕನಿಗೆ ಫೋನು ಹಚ್ಚಿದ.

"ಹ್ಯಾಂಗದಕ್ಕಾ?"

"ಮಾಳಿಗಿ ಕಾದು ಹೆಂಚಾಗ್ಯಾದ. ಜರಾ ತಲಿ ತಿರುಗ್ಲಾಕತ್ತದ." ಮಾತಿನ ನಡುವೆ ಉಸಿರು ಸಿಕ್ಕುತ್ತಿತ್ತು.

"ತಂಪುಮನಿಗಿ ಹೋಗು."

"ಭೋಂಗಾ ಆಗಿಲ್ಲಲ್ಲೋ. ಭೋಂಗಾ ಆಗದ ಹೋದ್ರ ಬಾಗಿಲದಾಗೇ ನಿಂದರಸ್ತಾರ. ಮೊನ್ನಿ ಹೋಗಿ ಹೊಳ್ಳಿ ಬಂದೀನಿ. ಆದ ಮ್ಯಾಲ ಹೋಗ್ತೀನಿ ತಗೋ. ಇನ್ನೂ ಆಗಿಲ್ಲಂದ್ರ ಅಷ್ಟೇನ್ ಇಲ್ಲ ಅಂದಂಗ ಆಯ್ತಲ್ಲ."

ಇದು ಆ ಊರಿಗೆ ಅಂಟಿಕೊಂಡಿದ್ದ ರೂಢಿ. ತಂಪುಮನೆಯಲ್ಲಿ ಜಾಗ ಕಡಿಮೆ, ಭೋಂಗಾ ಕೂಗಿದ ಓಣಿಯವರಿಗೇ ಮೊದಲು. ಮೂರು ಬೇಸಿಗೆಗಳಲ್ಲಿ ಜನ ತಮ್ಮ ಮೈ ಹೇಳಿದ್ದನ್ನು ಕೇಳುವುದನ್ನೇ ಬಿಟ್ಟಿದ್ದರು. ತಲೆ ತಿರುಗಿದರೂ ಭೋಂಗಾ ಆಗಿಲ್ಲ ಎನ್ನುವರು, ವಾಂತಿಯಾದರೂ ಅದೇ ಮಾತು.

ಫೋನಿಟ್ಟು ಪಂಚಾಕ್ಷರಿ ಪರದೆಗೆ ಬಂದ. ಏಳು ಗೆರೆಗಳು, ಏಳೂ ಮೂವತ್ತೊಂಬತ್ತರ ಕೆಳಗೆ. ಏಳೂ ರಾಡಿ ಗುಂಡಿಯಲ್ಲಿದ್ದವು. ಕೈಯಿಂದಲೇ ಭೋಂಗಾ ಕೂಗಿಸಲು ಒಂದು ಬಟನ್ನು ಅವನ ಮೇಜಿನ ಮೇಲೆಯೇ ಇತ್ತು. ಒತ್ತಿದರೆ ಯಾಕೆ ಒತ್ತಿದೆ ಎಂದು ಬರೆದುಕೊಡಬೇಕು. ಮೂರು ನಾಯಿಗಳ ಯಂತ್ರ ಕೆಟ್ಟಿದೆ ಎಂದವನು ಅವನೇ. ಸುಳ್ಳು ಹೊರಬೀಳುತ್ತದೆ, ಅಕ್ಕನ ಹೆಸರೂ ಬರುತ್ತದೆ. ಇನ್ನೈದು ನಿಮಿಷ ನೋಡೋಣ, ಯಾವುದಾದರೂ ಮೂರು ನಾಯಿ ಬೇಸರವಾಗಿ ಎದ್ದು ಹೊರಗೆ ಬಂದಾವು, ಗೆರೆ ಏರೀತು ಎಂದು ಕಾದ. ಇನ್ನೈದು. ಮತ್ತೆ ಐದು. ಆ ಇಪ್ಪತ್ತು ನಿಮಿಷಗಳನ್ನು ಪಂಚಾಕ್ಷರಿ ಆಮೇಲೆ ದಿನವೂ ಬದುಕಿದ. ಇಲ್ಲಿ ಹೆಚ್ಚು ಹೇಳಬೇಕಾದ್ದಿಲ್ಲ.

ನಸೀಮಾ ಎದ್ದುಬಂದು ಅವನ ಪಕ್ಕ ನಿಂತಳು. "ಸರ, ಅಲ್ಲಿ ನಿಮ್ಮ ಅಕ್ಕಾವ್ರು ಅದಾರಲ್ರೀ," ಎಂದಳು. ಅವನು ಅಲುಗಾಡದಿದ್ದಾಗ ತಾನೇ ಕೈಚಾಚಿ ಒತ್ತಿದಳು. ಆಗ ಗಂಟೆ ಒಂದಕ್ಕೆ ಹತ್ತು ನಿಮಿಷ.

*

ಜೀಪು ಓಣಿಯ ಬಾಯಿಗೆ ಬಂದಾಗ ಭೋಂಗಾ ಕೂಗುತ್ತಲೇ ಇತ್ತು. ಕೆಲವರು ಗೋಡೆ ಹಿಡಿದು ನಡೆಯುತ್ತಿದ್ದರು. ಕಲ್ಲು ಕೊಯ್ಯುವ ಮಲಕಪ್ಪ ತನ್ನ ತಾಯಿಯನ್ನು ಬೆನ್ನಿಗೆ ಹೊತ್ತು ಬರುತ್ತಿದ್ದ, ಆ ಮುದುಕಿಯ ಕೈಗಳು ಜೋತುಬಿದ್ದಿದ್ದವು. ಪಂಚಾಕ್ಷರಿ ಅವನನ್ನು ದಾಟಿ ಓಡಿದ.

ರಾಡಿ ಗುಂಡಿಯ ಮೇಲೆ ಗೋಣಿತಟ್ಟಿನ ನೆರಳು ಕಟ್ಟಿದ್ದರು. ಕೆಳಗೆ ಏಳು ನಾಯಿಗಳು ಸಾಲಾಗಿ, ಹೊಟ್ಟೆ ಮುಳುಗಿಸಿ, ಕಣ್ಣು ಅರೆಮುಚ್ಚಿ ಕೂತಿದ್ದವು. ಗುರುತಿನ ಮನುಷ್ಯನನ್ನು ಕಂಡು ಲಚ್ಚಿ ಬಾಲದಿಂದ ರಾಡಿಯನ್ನು ಬಡಿಯಿತು. ಒಂದೊಂದರ ಕುತ್ತಿಗೆಗೂ ಪ್ಲಾಸ್ಟಿಕ್ ಹಾಳೆ ಸುತ್ತಿ, ಹಳೆಯ ಸೀರೆಯ ಅಂಚು ಹರಿದು ಕಟ್ಟಿತ್ತು. ಆ ಅಂಚು ಅವನಿಗೆ ಗೊತ್ತು. ಮೊದಲ ಸಂಬಳದಲ್ಲಿ ಅವನು ತಂದುಕೊಟ್ಟ ಇಳಕಲ್ ಸೀರೆಯದು.

ಚಂದಮ್ಮ ಒಳಗೆ ಕಂಬಕ್ಕೊರಗಿ ಕಾಲು ಚಾಚಿ ಕೂತಿದ್ದಳು. ಪಕ್ಕದಲ್ಲಿ ಬಾಯಿಕಟ್ಟಿದ ಚೀಲ. ತಂಪುಮನೆಗೆ ಹೋಗಲು ರೊಟ್ಟಿ, ನೀರಿನ ಬಾಟಲಿ, ಔಷಧ ಎಲ್ಲ ಇಟ್ಟುಕೊಂಡು, ಚಪ್ಪಲಿ ಹಾಕಿಕೊಂಡು ಕಾದಿದ್ದಳು. ಪಂಚಾಕ್ಷರಿ ಅಂಗೈ ತಿರುವಿ ಅವಳ ಕುತ್ತಿಗೆಗೆ ಇಟ್ಟ. ಏಳು ಎಣಿಸುವವರೆಗೆ ಕೈ ತಾಳಲಿಲ್ಲ. ಉಸಿರು ಆಗಲೇ ನಿಂತಿತ್ತು, ಮೈ ಮಾತ್ರ ಇನ್ನೂ ಕಾಯುತ್ತಿತ್ತು. ಅವನು ಅವಳ ಮಡಿಲಲ್ಲಿ ತಲೆಯಿಟ್ಟು ಸಣ್ಣ ಮಗುವಿನ ಹಾಗೆ ಅತ್ತ.

ಸಂಜೆಯ ಹೊತ್ತಿಗೆ ಓಣಿಯಲ್ಲಿ ಆರು ಹೆಣಗಳಾಗಿದ್ದವು. ಮಲಕಪ್ಪ ತನ್ನ ತಾಯಿಯನ್ನೂ ಆ ಸಾಲಿನಲ್ಲಿ ಮಲಗಿಸಿ ಬಂದು ಪಂಚಾಕ್ಷರಿಯ ಎದುರು ಕುಕ್ಕರಗಾಲಲ್ಲಿ ಕೂತ.

"ಕರೆಂಟ್ ಹೋಗಿ ಮಶೀನ್ ನಿಂತಿತ್ರೀ. ಕೆಲಸ ಇರ್ಲಿಲ್ಲ. ನಾಯಿಗೋಳು ಒದ್ದಾಡೋದು ನೋಡಿ ಅಕ್ಕ ಎಲ್ಲಾವುನ್ನೂ ಗುಂಡ್ಯಾಗ ಬಿಡ್ರಿ ಅಂದ್ಳು. ನಾವೇ ಹಿಡಿದು ಬಿಟ್ವಿ." ಒಂದು ನಾಯಿಯ ಕುತ್ತಿಗೆಯತ್ತ ಕೈ ತೋರಿಸಿದ. "ಯಂತ್ರಕ್ಕ ನೀರು ತಾಗಬಾರ್ದಂತ ಅಕ್ಕ ತಾನೇ ಕುತ್ತಿಗಿಗಿ ಪ್ಲಾಸ್ಟಿಕ್ ಕಟ್ಟಿದ್ಳು. ನನ್ನ ತಮ್ಮ ಬರಿಸಿದ್ದು, ಕೆಡಬಾರ್ದು ಅಂದ್ಳು. ಒಂದು ಹನಿ ತಾಗಿಲ್ಲ, ಬೇಕಾರ ನೋಡ್ರಿ. ಆದ್ರೂ ಯಂತ್ರ ಯಾಕ ಕೆಟ್ಟಿತ್ರೀ ಡಾಕ್ಟರ್ರೇ?"

ಪಂಚಾಕ್ಷರಿ ನೆಲ ನೋಡುತ್ತ, ಯಂತ್ರ ಕೆಟ್ಟಿರಲಿಲ್ಲ ಎಂದ. ಎಲ್ಲವನ್ನೂ ಹೇಳಿದ. ಅದು ಅಳೆಯುವುದು ಬಿಸಿಲನ್ನಲ್ಲ, ನಾಯಿಯ ಸಂಕಟವನ್ನು ಎಂದ. ತಾನು ಬರೆದ ಸಾಲು, ಮೂರು ಗೆರೆಗಳ ಸುಳ್ಳು, ಇಪ್ಪತ್ತು ನಿಮಿಷ, ಯಾವುದನ್ನೂ ಮುಚ್ಚಲಿಲ್ಲ. ಹೊಡೆದಾನು ಎಂದುಕೊಂಡಿದ್ದ. ಹೊಡೆದಿದ್ದರೆ ಒಳ್ಳೆಯದಿತ್ತು.

"ಅಂದ್ರ ಅವು ಸುಟ್ಟರ ನಾವು ಉಳೀತೀವಿ," ಎಂದ ಮಲಕಪ್ಪ.

"ಹೌದು."

"ಇಷ್ಟು ಹೇಳಿದ್ರ ಆಗ್ತಿತ್ತಲ್ರೀ. ನಾವೇನು ಸಣ್ಣ ಹುಡುಗರೇನು?"

*

ಸಾಹೇಬರು ಅವನನ್ನು ಕೆಲಸದಿಂದ ತೆಗೆದರು, ಇಡೀ ತಪ್ಪನ್ನು ಅವನ ಕೊರಳಿಗೆ ಕಟ್ಟಿದರು. ಪಂಚಾಕ್ಷರಿ ಎದುರಾಡಲಿಲ್ಲ. ಯಂತ್ರವನ್ನು ನಾಯಿಯಿಂದ ತೆಗೆದು ತನ್ನ ಕುತ್ತಿಗೆಗೆ ಹಾಕಿಕೊಳ್ಳಬಹುದೇ ಎಂದು ಒಂದು ದಿನ ಕೂತು ಲೆಕ್ಕ ಹಾಕಿದ. ಆಗುವ ಮಾತಲ್ಲ. ಮನುಷ್ಯ ಬೆವರುತ್ತಾನೆ. ಅವನ ಮೈ ಎಚ್ಚರಿಕೆ ಕೊಡುವ ಹೊತ್ತಿಗೆ ಪಕ್ಕದ ಮುದುಕಿ ಸತ್ತಿರುತ್ತಾಳೆ. ನಾಯಿಯೇ ಬೇಕು. ಅಕ್ಕನ ಮನೆಗೇ ಬಂದು ಇದ್ದುಬಿಟ್ಟ. ಬಂದ ಮೊದಲ ದಿನ ಸುಣ್ಣ ಬಳಿದು ಗೋಡೆಯ ನೀಲಿ ಸಾಲು ಅಳಿಸಿ, ಕೈಯಾರೆ ಬರೆದ: ಈ ನಾಯಿಗಳು ನಮಗಾಗಿ ಸುಡುತ್ತವೆ. ಭೋಂಗಾ ಆಗುವವರೆಗೆ ತಣ್ಣಗೆ ಮಾಡಬೇಡಿ. ಆದ ಕೂಡಲೇ ಮೊದಲು ಅವಕ್ಕೆ ನೀರು ಹಾಕಿ, ಆಮೇಲೆ ಹೋಗಿ.

ಗುಂಡಿಯನ್ನು ಓಣಿಯವರೇ ಕಲ್ಲು ಚೂರು ಸುರಿದು ಮುಚ್ಚಿದರು. ಯಾರೂ ಹೇಳಿಕೊಡಬೇಕಾಗಲಿಲ್ಲ.

ಐದನೆಯ ದಿನ ನಡುಮಧ್ಯಾಹ್ನ. ಬಾಗಿಲು ಬಾಗಿಲಲ್ಲೂ ಜನ, ಒಬ್ಬೊಬ್ಬರ ಪಕ್ಕದಲ್ಲೂ ತುಂಬಿದ ಕೊಡ. ಲಚ್ಚಿ ಗುಂಡಿ ಇದ್ದ ಜಾಗಕ್ಕೆ ಹೋಗಿ ಮೂಸಿತು, ಕಾಲಿನಿಂದ ಎರಡು ಸಲ ಕೆರೆಯಿತು. ಬಿಸಿಕಲ್ಲು. ಅಲ್ಲಿಂದ ಚಂದಮ್ಮನ ಹೊಸ್ತಿಲಿಗೆ ಬಂದು ಪಂಚಾಕ್ಷರಿಯ ಮುಂದೆ ಮಲಗಿತು. ಪಕ್ಕೆಗಳು ಏರಿಳಿಯುತ್ತಿದ್ದವು, ನಾಲಿಗೆ ಕಲ್ಲಿಗೆ ತಾಗಿತ್ತು. ಅದು ಕೊಡವನ್ನು ನೋಡಿತು, ಅವನನ್ನು ನೋಡಿತು, ಮತ್ತೆ ಕೊಡವನ್ನು.

ಅವನು ನಸೀಮಾಗೆ ಫೋನು ಹಚ್ಚಿದ. "ಎಷ್ಟದ?"

"ಎರಡು ನಾಯಿ ದಾಟ್ಯಾವ. ಐದನೇದು ನಲವತ್ತು ಪಾಯಿಂಟ್ ಎರಡು, ಸರ."

ಪಂಚಾಕ್ಷರಿ ಕೊಡದ ಬಾಯಿಯ ಮೇಲೆ ಕೈಯಿಟ್ಟುಕೊಂಡ. ಎದುರು ಬಾಗಿಲಲ್ಲಿ ಮಲಕಪ್ಪ ಮುಖ ಗೋಡೆಗೆ ತಿರುಗಿಸಿದ. ಲಚ್ಚಿ ಮುಂಗಾಲು ಚಾಚಿ ಅವನ ಪಾದದ ಮೇಲಿಟ್ಟಿತು. ಆ ಮುಂಗಾಲಿನ ಬಿಸಿ ಅವನಿಗೆ ಗೊತ್ತಾಗುತ್ತಿತ್ತು. ಪಾಯಿಂಟ್ ಮೂರು. ಪಾಯಿಂಟ್ ನಾಲ್ಕು. ನಸೀಮಾ ಆ ಕಡೆಯಿಂದ ಮೆಲ್ಲಗೆ ಎಣಿಸುತ್ತಿದ್ದಳು.

ಭೋಂಗಾ ಕೂಗಿತು. ಓಣಿಯ ಕೊಡಗಳೆಲ್ಲ ಒಟ್ಟಿಗೆ ಎದ್ದವು. ಪಂಚಾಕ್ಷರಿ ಮೊದಲು ಹೊಟ್ಟೆಗೆ ಸುರಿದ, ಆಮೇಲೆ ತೊಡೆಸಂದಿಗೆ, ಆಮೇಲೆ ಪಾದಗಳಿಗೆ. ಬರ್ಫದ ನೀರಲ್ಲ, ಹಸಿ ಅರಿವೆಯಲ್ಲ. ಬೊಗಸೆಯಲ್ಲಿ ಹಿಡಿದು ಸ್ವಲ್ಪ ಸ್ವಲ್ಪವೇ ಕುಡಿಸಿದ. ಬಹಳ ಹೊತ್ತಿನ ಮೇಲೆ ತೇಕು ಇಳಿಯಿತು. ಲಚ್ಚಿ ಏನೂ ಮನಸ್ಸಿಗೆ ಹಚ್ಚಿಕೊಳ್ಳದೆ ಅವನ ಕೈ ನೆಕ್ಕಿತು.

ಅದು ಬದುಕಿತೆಂದು ಪಂಚಾಕ್ಷರಿಗೆ ಸಂತೋಷವಾಯಿತು. ನಾಳೆಗೂ ಅದು ಬೇಕಾಗಿತ್ತು.